ವರದಿಯಲ್ಲಿ ಕಂಡ ಕಪ್ಪು, ಅರ್ಧಕ್ಕೆ ನಿಂತ ಮಾತ್ರೆ

ಪ್ರಶ್ನೆ: ನಾವು ಮಂಗಳೂರಿನ ಬಿಜೈಯಲ್ಲಿದ್ದೇವೆ. ನನ್ನ ಮಗನಿಗೆ 27 ವರ್ಷ, 60 ಕಿಲೋ ತೂಕ, ಕಟ್ಟಡ ಕಾಮಗಾರಿಯಲ್ಲಿ ಸೈಟ್ ಎಂಜಿನಿಯರ್. ಹತ್ತು ದಿನಗಳ ಹಿಂದೆ ಚಳಿಜ್ವರ ಬಂದು ರಕ್ತಪರೀಕ್ಷೆಯಲ್ಲಿ ವೈವಾಕ್ಸ್ ಮಲೇರಿಯಾ ಎಂದು ತಿಳಿಯಿತು. ಮೂರು ದಿನ ಕ್ಲೋರೋಕ್ವಿನ್ ಕೊಟ್ಟರು. ಅದರ ಜೊತೆಗೇ 14 ದಿನ ತೆಗೆದುಕೊಳ್ಳಲು ಪ್ರೈಮಾಕ್ವಿನ್ ಬರೆದರು. ಜ್ವರ ಬಿಟ್ಟಿತು. ಆರನೆಯ ದಿನ ಮತ್ತೆ ರಕ್ತ ಕೊಟ್ಟಾಗ ವರದಿಯಲ್ಲಿ ಹೀಗಿತ್ತು: 'ಮಲೇರಿಯಾ ಪರೋಪಜೀವಿ ಕಂಡುಬಂದಿಲ್ಲ, ಮೊನೋಸೈಟ್ ಕಣಗಳಲ್ಲಿ ಮಲೇರಿಯಾ ಪಿಗ್ಮೆಂಟ್ ಇದೆ, ಹಿಮೋಗ್ಲೋಬಿನ್ 10.4'. ರೋಗ ಹೋಗಿದೆಯಲ್ಲ ಎಂದು, ಹೊಟ್ಟೆ ಉರಿಯೂ ಇದ್ದುದರಿಂದ, ಮಗ ಅಂದೇ ಮಾತ್ರೆ ನಿಲ್ಲಿಸಿದ. ಈಗ ನಾಲ್ಕು ದಿನವಾಯಿತು. ಈ ಕಪ್ಪು ಲಿವರಿನಲ್ಲಿ ಕೂತು ಜೀವನಪರ್ಯಂತ ತೊಂದರೆ ಕೊಡುತ್ತದೆ ಎಂದು ಸಂಬಂಧಿಕರೊಬ್ಬರು ಹೆದರಿಸಿದ್ದಾರೆ. ಹಾಲೆ ಮರದ ಕಷಾಯ ಕುಡಿದರೆ ರಕ್ತ ಶುದ್ಧಿಯಾಗಿ ಅದು ಮೂತ್ರದಲ್ಲಿ ಹೋಗುತ್ತದೆ ಎನ್ನುತ್ತಾರೆ. ಕಬ್ಬಿಣದ ಟಾನಿಕ್ ಕೊಡಬಹುದೇ? ಸೊಸೆಗೆ ಐದು ತಿಂಗಳು. ಅವಳಿಗೆ ಏನಾದರೂ ಆದೀತೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಅಮ್ಮಾ, ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಆ ಕಪ್ಪಿನ ಬಗ್ಗೆ ನೀವು ನಿದ್ದೆಗೆಡಬೇಡಿ. ಆದರೆ ಆರನೆಯ ದಿನಕ್ಕೆ ನಿಂತ ಪ್ರೈಮಾಕ್ವಿನ್ ಬಗ್ಗೆ ನಾಳೆಯೇ ನಿಮ್ಮ ವೈದ್ಯರನ್ನು ಕಾಣಿ. ಇವೆರಡಕ್ಕೂ ಸಂಬಂಧವಿದೆ, ಮತ್ತು ಆ ಸಂಬಂಧ ಅರ್ಥವಾದರೆ ಮಾತ್ರೆ ಏಕೆ ಬೇಕು ಎಂಬುದನ್ನು ನಿಮ್ಮ ಮಗನಿಗೆ ಯಾರೂ ಒತ್ತಾಯಿಸಿ ಹೇಳಬೇಕಾಗುವುದಿಲ್ಲ.

ನಾನು ರೋಗಪತ್ತೆ ವಿಭಾಗದ ವೈದ್ಯ. ಮಂಗಳೂರಿನ ಮಳೆಗಾಲ ಎಂದರೆ ನನ್ನ ಮಟ್ಟಿಗೆ ಮೇಜಿನ ಮೇಲೆ ಸಾಲಾಗಿ ಒಣಗಲು ಇಟ್ಟ ರಕ್ತದ ಸ್ಲೈಡುಗಳು. ಗಾಜಿನ ಮೇಲೆ ಒಂದು ಹನಿ ರಕ್ತ ಸವರಿ, ಬಣ್ಣ ಹಾಕಿ, ತೊಳೆದು, ಒಂದು ತೊಟ್ಟು ಎಣ್ಣೆ ಬಿಟ್ಟು ಸಾವಿರ ಪಟ್ಟು ಹಿಗ್ಗಿಸಿ ನೋಡುತ್ತೇವೆ. ಮಾಸಲು ಗುಲಾಬಿ ಬಣ್ಣದ ಕೆಂಪುಕಣಗಳ ನಡುವೆ ಒಂದು ಕಣ ಉಳಿದವಕ್ಕಿಂತ ದೊಡ್ಡದಾಗಿ ಉಬ್ಬಿರುತ್ತದೆ. ಅದರೊಳಗೆ ಅಡ್ಡಾದಿಡ್ಡಿಯಾಗಿ ಚಾಚಿಕೊಂಡ ನೀಲಿ ಜೀವಿ, ಒಂದು ಕೆಂಪು ಚುಕ್ಕೆ, ಮತ್ತು ನುಣ್ಣಗೆ ಅರೆದ ಅರಿಶಿನಕ್ಕೆ ಮಸಿ ಬೆರೆಸಿ ಉದುರಿಸಿದಂಥ ಹೊಂಗಂದು ಪುಡಿ. ಆ ಪುಡಿಯೇ ನಿಮ್ಮ ವರದಿಯಲ್ಲಿರುವ ಪಿಗ್ಮೆಂಟ್. ಅದರ ಹೆಸರು ಹೀಮೋಜೋಯಿನ್.

ಅದು ಅಲ್ಲಿಗೆ ಹೇಗೆ ಬಂತು? ಮಲೇರಿಯಾ ಪರೋಪಜೀವಿ ಕೆಂಪು ರಕ್ತಕಣದೊಳಗೆ ಹೊಕ್ಕು ಅಲ್ಲಿನ ಹಿಮೋಗ್ಲೋಬಿನ್ ತಿಂದು ಬೆಳೆಯುತ್ತದೆ. ಕಣದಲ್ಲಿರುವ ಹಿಮೋಗ್ಲೋಬಿನ್‌ನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಅದು ಕರಗಿಸಿಬಿಡುತ್ತದೆ. ಹಿಮೋಗ್ಲೋಬಿನ್ ಎಂದರೆ ಪ್ರೋಟೀನ್ ಮತ್ತು ಅದರೊಳಗೆ ಕೂತ ಹೀಮ್ ಎಂಬ ಕಬ್ಬಿಣದ ಘಟಕ. ಪ್ರೋಟೀನ್ ಅದಕ್ಕೆ ಆಹಾರ. ಹೀಮ್ ಮಾತ್ರ ಅದಕ್ಕೆ ವಿಷ: ಬಿಡಿಯಾಗಿ ಉಳಿದರೆ ಪರೋಪಜೀವಿಯ ಪೊರೆಗಳನ್ನೇ ಹರಿದುಹಾಕುತ್ತದೆ. ನಮ್ಮ ದೇಹಕ್ಕೆ ಹೀಮ್ ಅನ್ನು ಒಡೆದು ಪಿತ್ತದ ಬಣ್ಣವಾಗಿ ಹೊರಹಾಕುವ ದಾರಿ ಇದೆ. ಈ ಜೀವಿಗೆ ಅಂಥ ದಾರಿಯಿಲ್ಲ. ಹಾಗಾಗಿ ಎರಡೆರಡು ಹೀಮ್‌ಗಳನ್ನು ಜೋಡಿಸಿ, ಆ ಜೋಡಿಗಳನ್ನು ಒತ್ತೊತ್ತಾಗಿ ಪೇರಿಸಿ, ಕರಗದ ಹರಳಾಗಿ ಕಟ್ಟಿ ತನ್ನ ಜೀರ್ಣಚೀಲದಲ್ಲಿಯೇ ಮೂಲೆಗೆ ಹಾಕುತ್ತದೆ. ಹರಳಾದ ಹೀಮ್ ಅದಕ್ಕೆ ಹಾನಿ ಮಾಡುವುದಿಲ್ಲ. ಮರುವಾಯಿ ಸುಕ್ಕ ಮಾಡಿದ ಮರುದಿನ ಹಿತ್ತಿಲಿನಲ್ಲಿ ಚಿಪ್ಪಿನ ರಾಶಿ ಕಂಡರೆ ಮನೆಯಲ್ಲಿ ಏನು ಊಟವಾಯಿತೆಂದು ಕೇಳಬೇಕಾಗಿಲ್ಲವಲ್ಲ, ಇದೂ ಅಂಥದ್ದೇ. ಒಂದೊಂದು ಹರಳೂ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಚಿಕ್ಕದು. ಒಣಗಿಸದ ಹಸಿ ರಕ್ತದಲ್ಲಿ, ಬದುಕಿರುವ ಪರೋಪಜೀವಿಯ ಒಡಲೊಳಗೆ ಈ ಹರಳುಗಳು ಒಂದೇ ಸಮನೆ ಕುಣಿಯುತ್ತಿರುತ್ತವೆ. ಅದನ್ನು ಮೊದಲ ಸಲ ಕಂಡ ದಿನ ನಾನು ಊಟದ ಹೊತ್ತು ಮೀರಿದರೂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಿರಲಿಲ್ಲ.

48 ಗಂಟೆಗಳಲ್ಲಿ ಆ ಕೆಂಪುಕಣ ಒಡೆಯುತ್ತದೆ. ಮರಿ ಪರೋಪಜೀವಿಗಳು ಹೊಸ ಕಣಗಳನ್ನು ಹುಡುಕಿಕೊಂಡು ಹೋಗುತ್ತವೆ, ಹರಳಿನ ಗಂಟು ರಕ್ತದಲ್ಲಿ ಬಿಡಿಯಾಗಿ ಬೀಳುತ್ತದೆ. ಬಿದ್ದದ್ದನ್ನು ಎತ್ತುವ ಕೆಲಸ ನಮ್ಮ ಬಿಳಿ ರಕ್ತಕಣಗಳದ್ದು, ಅದರಲ್ಲೂ ಮೊನೋಸೈಟ್‌ಗಳದ್ದು. ಅವು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ನಿಮ್ಮ ಮಗನ ಸ್ಲೈಡಿನಲ್ಲಿ ಕಂಡದ್ದು ಇದೇ. ಪರೋಪಜೀವಿ ರಕ್ತದಿಂದ ಕಾಣೆಯಾದ ಮೇಲೂ ಹರಳು ನುಂಗಿದ ಮೊನೋಸೈಟ್‌ಗಳು ಒಂದು ವಾರಕ್ಕೂ ಹೆಚ್ಚು ಕಾಲ ರಕ್ತದಲ್ಲಿ ಓಡಾಡುತ್ತಿರುತ್ತವೆ. ಚಿಕಿತ್ಸೆಯ ಆರನೆಯ ದಿನ ಅವು ಕಂಡರೆ ಅದು ನಿರೀಕ್ಷಿತವೇ. ಕ್ಲೋರೋಕ್ವಿನ್ ಕೆಲಸ ಮಾಡಿಲ್ಲ ಎಂದು ಅದರ ಅರ್ಥವಲ್ಲ.

ಜ್ವರ ಇದ್ದು, ಇನ್ನೂ ಔಷಧಿ ಕೊಡದ ರೋಗಿಯಲ್ಲಿ ಇದೇ ಸಾಲು ಕಂಡರೆ ಮಾತ್ರ ನಾವು ಎಚ್ಚರಗೊಳ್ಳುತ್ತೇವೆ. ಹಿಂದೊಮ್ಮೆ ಮಲ್ಪೆಯ ಮೀನುಗಾರಿಕಾ ದೋಣಿಯಲ್ಲಿ ದುಡಿಯುತ್ತಿದ್ದ ಯುವಕನ ಸ್ಲೈಡ್ ನನ್ನ ಬಳಿ ಬಂದಿತ್ತು. ಎಷ್ಟು ಹುಡುಕಿದರೂ ಪರೋಪಜೀವಿ ಸಿಗಲಿಲ್ಲ, ಆದರೆ ಎರಡು ಮೊನೋಸೈಟ್‌ಗಳಲ್ಲಿ ಕಂದು ಹರಳಿತ್ತು. 'ಮಲೇರಿಯಾ ಇಲ್ಲ' ಎಂದು ಬರೆಯಲು ಕೈ ಬರಲಿಲ್ಲ. ಮತ್ತೆ ರಕ್ತ ಕಳಿಸಿ ಎಂದು ಬರೆದೆ. ಮರುದಿನದ ಸ್ಲೈಡಿನಲ್ಲಿ ಫಾಲ್ಸಿಪಾರಮ್ ಎಂಬ, ವೈವಾಕ್ಸ್‌ಗಿಂತ ಅಪಾಯಕಾರಿ ಜಾತಿಯ ಮಲೇರಿಯಾದ ಉಂಗುರದಾಕಾರದ ಎಳೆಯ ಪರೋಪಜೀವಿಗಳು ಸಿಕ್ಕವು. ಫಾಲ್ಸಿಪಾರಮ್ ಜಾತಿಯ ಬೆಳೆದ ಪರೋಪಜೀವಿಗಳು ಮಿದುಳು, ಮೂತ್ರಪಿಂಡದಂಥ ಅಂಗಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಅಡಗಿಬಿಡುತ್ತವೆ. ಬೆರಳ ತುದಿಯ ರಕ್ತದಲ್ಲಿ ಸಿಗುವುದು ಇನ್ನೂ ಹರಳು ಕಟ್ಟದ ಎಳೆಯವು ಮಾತ್ರ, ಕೆಲವೊಮ್ಮೆ ಅವೂ ಇಲ್ಲ. ಒಳಗೆ ಎಷ್ಟು ನಡೆದಿದೆ ಎಂದು ಹೇಳುವ ಸಾಕ್ಷಿ ಬಿಳಿಕಣದ ಹೊಟ್ಟೆಯಲ್ಲಿರುತ್ತದೆ. ಫಾಲ್ಸಿಪಾರಮ್‌ನಿಂದ ತೀವ್ರ ಅಸ್ವಸ್ಥರಾದವರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳ ಪೈಕಿ ಶೇಕಡಾ 5ಕ್ಕಿಂತ ಹೆಚ್ಚಿನವು ಹರಳು ಹೊತ್ತಿದ್ದರೆ ಅದನ್ನು ಅಪಾಯದ ಸೂಚನೆಯೆಂದು ವೈದ್ಯರು ಪರಿಗಣಿಸುತ್ತಾರೆ. ನಿಮ್ಮ ಮಗನದು ವೈವಾಕ್ಸ್, ಜ್ವರ ಬಿಟ್ಟಿದೆ, ಓಡಾಡುತ್ತಿದ್ದಾನೆ. ಈ ಮಾತು ಅವನಿಗೆ ಅನ್ವಯಿಸುವುದಿಲ್ಲ.

ಈ ಹರಳು ನಿರುಪದ್ರವಿಯೇ ಎಂದರೆ ಹಾಗೂ ಅಲ್ಲ. ಬಹಳ ಕಾಲ ಇದನ್ನು ಕೇವಲ ಕಸ ಎಂದು ತಳ್ಳಿಹಾಕಿದ್ದೆವು. ಈಗ ಗೊತ್ತಿರುವುದೇನೆಂದರೆ, ಹರಳು ನುಂಗಿದ ಬಿಳಿಕಣ ಸುಮ್ಮನೆ ಕೂರುವುದಿಲ್ಲ. ಗೌಟ್ ಕಾಯಿಲೆಯಲ್ಲಿ ಯೂರಿಕ್ ಆಮ್ಲದ ಹರಳು ಕೀಲಿನೊಳಗೆ ಉರಿ ಎಬ್ಬಿಸುವ ಬಗೆಯನ್ನು ನೀವು ಕೇಳಿರಬಹುದು. ಆ ಉರಿಯನ್ನು ಹೊತ್ತಿಸುವ ಕಣದೊಳಗಿನ ವ್ಯವಸ್ಥೆಯನ್ನೇ ಮಲೇರಿಯಾದ ಹರಳೂ ಕೆಣಕುತ್ತದೆ. ಸಾಲದ್ದಕ್ಕೆ ಪರೋಪಜೀವಿಯ ಡಿಎನ್‌ಎ ತುಣುಕುಗಳು ಹರಳಿಗೆ ಅಂಟಿಕೊಂಡು ಕಣದೊಳಗೆ ಸಾಗಿ ಇನ್ನೊಂದು ಎಚ್ಚರಿಕೆ ಗಂಟೆ ಬಾರಿಸುತ್ತವೆ. ಉರಿ ಎಬ್ಬಿಸುವುದು ಹರಳೋ, ಅದಕ್ಕೆ ಅಂಟಿದ ಡಿಎನ್‌ಎಯೋ ಎಂದು ವಿಜ್ಞಾನಿಗಳ ನಡುವೆ ದೊಡ್ಡ ವಾದವೇ ನಡೆಯಿತು. ಎರಡಕ್ಕೂ ಪಾತ್ರವಿದೆ ಎಂದು ನಾನು ನಂಬುತ್ತೇನೆ. ದಿನ ಬಿಟ್ಟು ದಿನ ನಡುಗಿಸಿ ಬರುವ ಚಳಿಜ್ವರಕ್ಕೆ, ಕಣಗಳು ಒಟ್ಟಿಗೆ ಒಡೆದಾಗ ರಕ್ತಕ್ಕೆ ಬೀಳುವ ಈ ಸಾಮಾನುಗಳೂ ಕಾರಣ. ಹರಳು ತುಂಬಿಕೊಂಡ ಬಿಳಿಕಣ ಬೇರೆ ರೋಗಾಣುಗಳನ್ನು ನುಂಗುವುದರಲ್ಲಿಯೂ ಮಂದವಾಗುತ್ತದೆ. ಮೂಳೆಮಜ್ಜೆಗೆ ಹೋಗಿ ಸೇರಿದ ಹರಳು ಹೊಸ ಕೆಂಪುಕಣಗಳ ತಯಾರಿಯನ್ನು ಕೆಲಕಾಲ ಕುಗ್ಗಿಸುತ್ತದೆ.

ನಿಮ್ಮ ಮಗನ ಹಿಮೋಗ್ಲೋಬಿನ್ 10.4ಕ್ಕೆ ಇಳಿದಿರುವುದಕ್ಕೆ ಅದು ಒಂದು ಕಾರಣ ಅಷ್ಟೇ. ಪರೋಪಜೀವಿ ಒಡೆದ ಕಣಗಳ ಲೆಕ್ಕ ಬೇರೆ. ಅದಕ್ಕಿಂತ ಹೆಚ್ಚಾಗಿ, ಮಲೇರಿಯಾದ ಸಮಯದಲ್ಲಿ ಗುಲ್ಮವು (ಸ್ಪ್ಲೀನ್) ಸೋಂಕೇ ತಗಲದ ಕೆಂಪುಕಣಗಳನ್ನೂ ಹಿಡಿದು ಹಾಕುತ್ತದೆ. ಜ್ವರ ಬಿಟ್ಟ ಮೇಲೆ ಇನ್ನೂ ಒಂದೆರಡು ವಾರ ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನ ಆಗುವಷ್ಟರಲ್ಲಿ ಸುಸ್ತು ಇದ್ದರೆ ಆಶ್ಚರ್ಯವಿಲ್ಲ.

ಇನ್ನು ಲಿವರಿನ ಮಾತು. ಸಂಬಂಧಿಕರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಹರಳು ನುಂಗಿದ ಕಣಗಳು ಕೊನೆಗೆ ಸೇರುವುದು ಗುಲ್ಮ, ಲಿವರ್, ಮೂಳೆಮಜ್ಜೆಗಳಲ್ಲಿಯೇ, ಮತ್ತು ಅಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಮಲೇರಿಯಾದಿಂದ ತೀರಿಕೊಂಡವರ ಗುಲ್ಮ ಸ್ಲೇಟಿನ ಬಣ್ಣಕ್ಕೆ ತಿರುಗಿರುವುದನ್ನು ಶವಪರೀಕ್ಷೆ ಮಾಡುವವರು ಬಹಳ ಹಿಂದೆಯೇ ಗುರುತಿಸಿದ್ದರು. 1847ರಲ್ಲಿ ಜರ್ಮನಿಯ ಮೆಕೆಲ್ ಎಂಬ ವೈದ್ಯ ಮಾನಸಿಕ ರೋಗಿಯೊಬ್ಬನ ರಕ್ತ ಮತ್ತು ಗುಲ್ಮದಲ್ಲಿ ಈ ಕಂದುಗಪ್ಪು ಕಣಗಳನ್ನು ಕಂಡು ದಾಖಲಿಸಿದಾಗ ಮಲೇರಿಯಾದ ಪರೋಪಜೀವಿ ಎಂಬುದೊಂದಿದೆ ಎಂದು ಜಗತ್ತಿಗೆ ಗೊತ್ತೇ ಇರಲಿಲ್ಲ. ಆದರೆ ಅಲ್ಲಿ ಕೂತ ಹರಳು ಲಿವರನ್ನು ಗಟ್ಟಿಯಾಗಿಸಿ ಸಿರೋಸಿಸ್ ತರುವುದಿಲ್ಲ. ಒಂದು ಸಲ ಬಂದು, ಸರಿಯಾಗಿ ಚಿಕಿತ್ಸೆಯಾದ ವೈವಾಕ್ಸ್‌ನಲ್ಲಿ ಉಳಿಯುವ ಪ್ರಮಾಣವೂ ಕಡಿಮೆ. ಕಣಗಳು ಸತ್ತು ಹೊಸವು ಬರುತ್ತಾ ಅದು ಚದುರಿ ತೆಳುವಾಗುತ್ತಾ ಹೋಗುತ್ತದೆ. ಅದನ್ನು ತೆಗೆಯಲು ಔಷಧಿ ಬೇಡ, ಅಂಥ ಔಷಧಿಯೂ ಇಲ್ಲ.

ಕಷಾಯದಿಂದ ಅದು ಮೂತ್ರದಲ್ಲಿ ಹೋಗುವುದೂ ಇಲ್ಲ. ಹರಳು ನೀರಿನಲ್ಲಿ ಕರಗುವ ವಸ್ತುವಲ್ಲ, ಮೂತ್ರಪಿಂಡ ಅದನ್ನು ಸೋಸಿ ಬಿಡಲಾರದು. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಹಾಲೆಯ ತೊಗಟೆ, ಆ ಕಹಿ, ಅದರ ಹಿಂದೆಯೇ ಮೆಂತೆ ಗಂಜಿ: ನಮ್ಮ ಮನೆಯಲ್ಲೂ ಅಜ್ಜಿ ಎಲ್ಲರನ್ನೂ ಸಾಲಾಗಿ ಕೂರಿಸಿ ಕುಡಿಸುತ್ತಿದ್ದರು, ನಾನೂ ಕುಡಿದು ಬೆಳೆದವನು. ಒಂದು ಕಾಲಕ್ಕೆ ಕ್ವಿನೈನ್‌ಗೆ ಬದಲಿಯಾಗಿ ಹಾಲೆಯ ತೊಗಟೆಯನ್ನು ಜ್ವರಕ್ಕೆ ಬಳಸಿದ್ದೂ ಉಂಟು. ವರ್ಷಕ್ಕೊಮ್ಮೆಯ ಆ ಆಚರಣೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಮಲೇರಿಯಾವನ್ನು ಗುಣಪಡಿಸಬಲ್ಲದು ಎಂದು ನಂಬಿ ಮಾತ್ರೆಯ ಜಾಗದಲ್ಲಿ ಕುಡಿಸಬೇಡಿ. ಲಿವರ್ ಈಗಷ್ಟೇ ಸುಧಾರಿಸಿಕೊಳ್ಳುತ್ತಿರುವಾಗ ದಿನಾ ಲೋಟಗಟ್ಟಲೆ ತೊಗಟೆಯ ರಸ ಕೊಡುವುದಂತೂ ಬೇಡವೇ ಬೇಡ.

ಮೂತ್ರದ ಬಣ್ಣದ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ತಪ್ಪಿದರೆ ಪ್ರಾಣಕ್ಕೆ ಸಂಚಕಾರ. ಮಲೇರಿಯಾ ಬಂದವರ ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿದರೆ ಅದು ಪಿಗ್ಮೆಂಟ್ ಹೊರಹೋಗುತ್ತಿರುವ ಒಳ್ಳೆಯ ಲಕ್ಷಣ ಎಂದು ಹೇಳುವವರನ್ನು ನಾನು ನೋಡಿದ್ದೇನೆ. ಅದು ಹರಳಲ್ಲ, ರಕ್ತಕಣಗಳು ಒಂದೇ ಸಲ ಒಡೆದು ಹೊರಬರುತ್ತಿರುವ ಹಿಮೋಗ್ಲೋಬಿನ್. ಪ್ರೈಮಾಕ್ವಿನ್ ತೆಗೆದುಕೊಳ್ಳುವಾಗ ಹಾಗಾದರೆ ಮುಂದಿನ ಮಾತ್ರೆ ನುಂಗದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾದರೆ ಬೆಳಗಾಗಲಿ ಎಂದು ಕಾಯಬಾರದು.

ಈಗ ಮಾತ್ರೆಯ ವಿಷಯ. ಕ್ಲೋರೋಕ್ವಿನ್ ಮಲೇರಿಯಾವನ್ನು ಕೊಲ್ಲುವುದು ಈ ಹರಳಿನ ಮೂಲಕವೇ. ಪರೋಪಜೀವಿಯ ಜೀರ್ಣಚೀಲ ಹುಳಿಯಾಗಿರುತ್ತದೆ. ಕ್ಲೋರೋಕ್ವಿನ್ ಅಲ್ಲಿಗೆ ಹೊಕ್ಕು ಹೊರಬರಲಾಗದೆ ಶೇಖರವಾಗುತ್ತದೆ, ಹೀಮ್ ಹರಳಾಗದಂತೆ ತಡೆಯುತ್ತದೆ. ತಾನೇ ತಿಂದ ರಕ್ತದ ವಿಷದಲ್ಲಿ ಪರೋಪಜೀವಿ ಸಾಯುತ್ತದೆ. 1934ರಲ್ಲಿ ಜರ್ಮನಿಯಲ್ಲಿ ಹ್ಯಾನ್ಸ್ ಆಂಡರ್‌ಸಾಗ್ ತಯಾರಿಸಿದ ಈ ಔಷಧಿ ಎಷ್ಟು ಜೀವಗಳನ್ನು ಉಳಿಸಿದೆ ಎಂದು ಎಣಿಸುವುದು ಕಷ್ಟ. ಫಾಲ್ಸಿಪಾರಮ್ ಮುಂದೆ ಇದಕ್ಕೂ ಉಪಾಯ ಕಂಡುಕೊಂಡಿತು: ಜೀರ್ಣಚೀಲದ ಗೋಡೆಯ ಒಂದು ಪ್ರೋಟೀನ್ ಬದಲಾಗಿ ಔಷಧಿಯನ್ನು ಹೊರಕ್ಕೆ ದಬ್ಬತೊಡಗಿತು. ಭಾರತದಲ್ಲಿ ಅಂಥ ಫಾಲ್ಸಿಪಾರಮ್ ಮೊದಲು ಕಂಡದ್ದು 1973ರಲ್ಲಿ ಅಸ್ಸಾಮಿನಲ್ಲಿ. ಆದ್ದರಿಂದ ಫಾಲ್ಸಿಪಾರಮ್‌ಗೆ ಈಗ ಆರ್ಟೆಮಿಸಿನಿನ್ ಗುಂಪಿನ ಔಷಧಿಗಳನ್ನು ಇನ್ನೊಂದರ ಜೊತೆ ಸೇರಿಸಿ ಕೊಡುತ್ತೇವೆ. ಅವಕ್ಕೂ ಹೀಮ್ ಬೇಕೇ ಬೇಕು: ಹೀಮ್‌ನ ಕಬ್ಬಿಣ ತಾಗಿದಾಗಲೇ ಅವು ಒಡೆದು ಪರೋಪಜೀವಿಯನ್ನು ಸುಡುತ್ತವೆ. ನಮ್ಮ ವೈವಾಕ್ಸ್‌ಗೆ ಕ್ಲೋರೋಕ್ವಿನ್ ಇಂದಿಗೂ ನಿಲ್ಲುತ್ತದೆ. ಮೂರು ದಿನದ ಕ್ಲೋರೋಕ್ವಿನ್‌ನಿಂದ ಕಣ್ಣು ಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅದನ್ನೂ ಬಿಡಿ. ಕಣ್ಣಿನ ತೊಂದರೆ ವರ್ಷಗಟ್ಟಲೆ ತೆಗೆದುಕೊಳ್ಳುವವರ ಮಾತು.

ಹಾಗಾದರೆ ಪ್ರೈಮಾಕ್ವಿನ್ ಏಕೆ? ಸೊಳ್ಳೆ ಕಚ್ಚಿದಾಗ ದೇಹ ಸೇರುವ ವೈವಾಕ್ಸ್ ಮೊದಲು ಹೋಗುವುದು ಲಿವರಿಗೆ. ಅಲ್ಲಿ ಕೆಲವು ಬೆಳೆದು ರಕ್ತಕ್ಕೆ ಇಳಿಯುತ್ತವೆ, ಕೆಲವು ಅಲ್ಲಿಯೇ ಮಲಗಿಬಿಡುತ್ತವೆ. ಮಲಗಿದವು ಲಿವರಿನ ಜೀವಕೋಶದಲ್ಲಿರುತ್ತವೆ. ಅಲ್ಲಿ ತಿನ್ನಲು ಹಿಮೋಗ್ಲೋಬಿನ್ ಇಲ್ಲ. ತಿನ್ನದಿದ್ದ ಮೇಲೆ ಹೀಮ್ ಇಲ್ಲ, ಹರಳೂ ಇಲ್ಲ. ಹರಳನ್ನು ತಡೆದು ಕೊಲ್ಲುವ ಕ್ಲೋರೋಕ್ವಿನ್‌ಗೆ ಅಲ್ಲಿ ಹಿಡಿತವೇ ಸಿಗುವುದಿಲ್ಲ. ನಮ್ಮ ಸ್ಲೈಡಿಗೂ ಅವು ಸಿಗುವುದಿಲ್ಲ, ಕಪ್ಪು ಬಿಟ್ಟು ಸುಳಿವು ಕೊಡುವುದೂ ಇಲ್ಲ. ಮಗನ ವರದಿಯಲ್ಲಿ 'ಪರೋಪಜೀವಿ ಕಂಡುಬಂದಿಲ್ಲ' ಎಂದದ್ದು ರಕ್ತದ ಮಾತು, ಲಿವರಿನದ್ದಲ್ಲ. ಕೆಲವು ವಾರವೋ ತಿಂಗಳುಗಳೋ ಕಳೆದು ಅವು ಎದ್ದರೆ ಹೊಸ ಸೊಳ್ಳೆ ಕಚ್ಚದೆಯೂ ಜ್ವರ ಮರಳುತ್ತದೆ. 'ಮಂಗಳೂರಿನ ಮಲೇರಿಯಾ ಮೈಯಲ್ಲೇ ಉಳಿಯುತ್ತದೆ, ವರ್ಷ ವರ್ಷ ಬರುತ್ತದೆ' ಎಂಬ ಮಾತು ಹುಟ್ಟಿದ್ದು ಇದರಿಂದ. ಉಳಿಯುವುದು ನಿಜ. ತೆಗೆಯಲಾಗದು ಎಂಬುದು ಸುಳ್ಳು. ಆ ಕೆಲಸಕ್ಕೇ 14 ದಿನದ ಪ್ರೈಮಾಕ್ವಿನ್ ಇರುವುದು.

ಮಗ ಆರು ದಿನ ತೆಗೆದುಕೊಂಡು ನಾಲ್ಕು ದಿನ ಬಿಟ್ಟಿದ್ದಾನೆ. ನಾನು ನಿಮ್ಮ ವೈದ್ಯರ ಜಾಗದಲ್ಲಿದ್ದರೆ ಮೊದಲು ಜಿ6ಪಿಡಿ ಎಂಬ ಕಿಣ್ವದ ರಕ್ತಪರೀಕ್ಷೆ ಮಾಡಿಸುತ್ತಿದ್ದೆ. ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ ಇರುವವರಲ್ಲಿ ಪ್ರೈಮಾಕ್ವಿನ್ ಕೆಂಪುಕಣಗಳನ್ನು ಒಡೆಯುತ್ತದೆ. ಮೇಲೆ ಹೇಳಿದ ಚಹಾ ಬಣ್ಣದ ಮೂತ್ರ ಬರುವುದು ಇಂಥವರಲ್ಲಿಯೇ. ಇದು ಹೆಚ್ಚಾಗಿ ಗಂಡಸರಲ್ಲಿ ಕಂಡುಬರುತ್ತದೆ, ಏಕೆಂದರೆ ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿ ಅದರ ಗುಣ ಇರುತ್ತದೆ. ಆರು ದಿನ ತೊಂದರೆಯಿಲ್ಲದೆ ತೆಗೆದುಕೊಂಡದ್ದು ಸಮಾಧಾನದ ಸಂಗತಿ, ಆದರೂ ಹಿಮೋಗ್ಲೋಬಿನ್ 10.4 ಇರುವಾಗ ಊಹೆಯ ಮೇಲೆ ಹೋಗಲು ನನಗೆ ಮನಸ್ಸಿಲ್ಲ. ರಕ್ತಕಣಗಳು ಆಗಷ್ಟೇ ಒಡೆದಿದ್ದರೆ ಹೊಸ ಎಳೆಯ ಕಣಗಳಲ್ಲಿ ಕಿಣ್ವ ಹೆಚ್ಚಿರುವುದರಿಂದ ಪರೀಕ್ಷೆ ಸುಳ್ಳಾಗಿ ಸಹಜ ಎನ್ನಬಹುದು. ಅದನ್ನು ಓದುವ ವೈದ್ಯರಿಗೆ ಮಲೇರಿಯಾ ಬಂದ ದಿನಾಂಕ ತಪ್ಪದೆ ಹೇಳಿ.

ಕಿಣ್ವ ಸಹಜವಾಗಿದ್ದರೆ 60 ಕಿಲೋ ತೂಕಕ್ಕೆ ದಿನಕ್ಕೆ 15 ಮಿಲಿಗ್ರಾಂ. ಬಿಟ್ಟಲ್ಲಿಂದ ಮುಂದುವರಿಸಬೇಕೋ, ಮೊದಲಿನಿಂದ ಎಣಿಸಬೇಕೋ ಎಂಬುದು ಚಿಕಿತ್ಸೆ ಕೊಡುವವರ ನಿರ್ಧಾರ. ನಾಲ್ಕು ದಿನ ತಪ್ಪಿದ ಮೇಲೆ ನನ್ನ ಒಲವು ಹೊಸದಾಗಿ 14 ದಿನ ಪೂರೈಸುವ ಕಡೆಗೆ. ಹೊಟ್ಟೆ ಉರಿ ಬಂದದ್ದು ಬಹುಶಃ ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗಿದ್ದರಿಂದ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನವೋ ಗಂಜಿಯೋ ಹೊಟ್ಟೆತುಂಬ ಉಂಡ ಮೇಲೆ ತೆಗೆದುಕೊಳ್ಳಲಿ. ಬಹುಮಂದಿಗೆ ಇಷ್ಟರಿಂದಲೇ ಉರಿ ಕಡಿಮೆಯಾಗುತ್ತದೆ. ತುಟಿ, ಉಗುರು ನೀಲಿಯಾದಂತೆ ಕಂಡರೆ ಅಥವಾ ಉಸಿರಾಟ ಭಾರವಾದರೆ ನಿಲ್ಲಿಸಿ ತೋರಿಸಬೇಕು, ಅದು ಅಪರೂಪ.

ಕಿಣ್ವ ಕಡಿಮೆ ಎಂದು ಬಂದರೆ ದಿನದ ಮಾತ್ರೆ ಬೇಡ. ವಾರಕ್ಕೊಮ್ಮೆ ಕಿಲೋಗೆ 0.75 ಮಿಲಿಗ್ರಾಂನಂತೆ ಎಂಟು ವಾರ, ವೈದ್ಯರ ಕಣ್ಣಳತೆಯಲ್ಲಿ, ನಡುವೆ ಹಿಮೋಗ್ಲೋಬಿನ್ ನೋಡಿಕೊಳ್ಳುತ್ತಾ ಕೊಡುವ ಕ್ರಮವಿದೆ. ಕೊರತೆ ತೀವ್ರವಾಗಿದ್ದರೆ ಅದನ್ನೂ ಬಿಟ್ಟು, ಜ್ವರ ಬಂದಾಗಲೆಲ್ಲ ಕೂಡಲೇ ರಕ್ತಪರೀಕ್ಷೆ ಮಾಡಿಸಿ ಕ್ಲೋರೋಕ್ವಿನ್ ಕೊಡುವ ದಾರಿ ಹಿಡಿಯುತ್ತಾರೆ. ಅದರಲ್ಲಿ ಜ್ವರ ಮರಳುವ ಸಾಧ್ಯತೆ ಉಳಿಯುತ್ತದೆ, ರಕ್ತ ಒಡೆಯುವ ಭಯ ಇರುವುದಿಲ್ಲ. ಏನೂ ಮಾಡದೆ ಸುಮ್ಮನಿರುವುದೂ ಒಂದು ಆಯ್ಕೆಯೇ ಎಂದು ಮಗ ಕೇಳಬಹುದು. ಮರಳಿ ಬಂದಾಗ ಮತ್ತೊಂದು ಸುತ್ತು ಜ್ವರ, ಇನ್ನಷ್ಟು ರಕ್ತಹೀನತೆ, ಮೇಲಾಗಿ ಅವನ ರಕ್ತದಿಂದ ಸೊಳ್ಳೆಗೆ, ಸೊಳ್ಳೆಯಿಂದ ಪಕ್ಕದಲ್ಲಿ ಮಲಗಿದವರಿಗೆ. ಪಕ್ಕದಲ್ಲಿ ಮಲಗುವವಳು ಐದು ತಿಂಗಳ ಬಸುರಿ.

ಸೊಸೆಯ ಬಗ್ಗೆ: ಗಂಡನಿಂದ ಹೆಂಡತಿಗೆ ಮಲೇರಿಯಾ ನೇರವಾಗಿ ಅಂಟುವುದಿಲ್ಲ, ನಡುವೆ ಸೊಳ್ಳೆ ಬೇಕು. ಆದರೆ ಬಸುರಿಯರಿಗೆ ಮಲೇರಿಯಾ ಭಾರ. ಫಾಲ್ಸಿಪಾರಮ್ ಆದರೆ ಸೋಂಕಿತ ಕಣಗಳು ಮಾಸಿನಲ್ಲಿ ಸೇರಿಕೊಳ್ಳುತ್ತವೆ. ಹೆರಿಗೆಯಾದ ಮೇಲೆ ಮಾಸಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿಯೂ ಇದೇ ಕಂದು ಹರಳುಗಳು ಕಾಣುತ್ತವೆ. ಯಾವಾಗಲೋ ಬಂದು ಹೋದ ಸೋಂಕನ್ನೂ ಅವು ಹೇಳುತ್ತವೆ. ವೈವಾಕ್ಸ್ ಮಾಸಿನಲ್ಲಿ ಅಷ್ಟು ಸೇರಿಕೊಳ್ಳುವುದಿಲ್ಲವಾದರೂ ತಾಯಿಗೆ ರಕ್ತಹೀನತೆ, ಮಗುವಿಗೆ ಕಡಿಮೆ ತೂಕ ತರುತ್ತದೆ. ಅವಳಿಗೆ ಒಂದು ದಿನ ಜ್ವರ ಬಂದರೂ 'ಬಸುರಿಯ ಸುಸ್ತು' ಎಂದು ಬಿಡದೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ವೈವಾಕ್ಸ್ ಬಂದರೆ ಬಸಿರಿನಲ್ಲಿ ಕ್ಲೋರೋಕ್ವಿನ್ ಕೊಡಬಹುದು. ಪ್ರೈಮಾಕ್ವಿನ್ ಮಾತ್ರ ಬಸುರಿಯರಿಗೆ ಸಲ್ಲದು, ಆದ್ದರಿಂದ ಮಗನ ಮಾತ್ರೆಯ ಸ್ಟ್ರಿಪ್ ಅವಳ ಔಷಧಿಗಳ ಜೊತೆ ಬೆರೆಯದಂತೆ ಬೇರೆ ಡಬ್ಬದಲ್ಲಿಡಿ.

ಕಬ್ಬಿಣದ ಟಾನಿಕ್‌ಗೆ ಈಗ ಅವಸರ ಬೇಡ. ಹರಳಿನೊಳಗೆ ಕಬ್ಬಿಣ ಇದೆ, ಆದರೆ ಬಿಗಿಯಾಗಿ ಬಂಧಿಯಾಗಿದೆ. ಕಬ್ಬಿಣ ಇರುವಲ್ಲಿ ನೀಲಿ ಬಣ್ಣ ತೋರಿಸುವ ಲ್ಯಾಬಿನ ಪರೀಕ್ಷೆಗೂ ಅದು ಸ್ಪಂದಿಸುವುದಿಲ್ಲ. ಜ್ವರದ ದಿನಗಳಲ್ಲಿ ಕರುಳು ಕಬ್ಬಿಣವನ್ನು ಹೀರುವುದೂ ಕಡಿಮೆ, ಕೊಟ್ಟದ್ದು ಹೊಟ್ಟೆ ಕೆಡಿಸಿ ಹೋಗುತ್ತದೆ. ಹರಿವೆ, ಬಸಳೆ, ಹೆಸರುಕಾಳು, ಮೊಟ್ಟೆ, ಮೀನು ಮನೆಯಲ್ಲಿ ರೂಢಿಯಿದ್ದಂತೆ ಉಣ್ಣಲಿ. ನಾಲ್ಕರಿಂದ ಆರು ವಾರದ ನಂತರ ಹಿಮೋಗ್ಲೋಬಿನ್ ಮತ್ತು ದೇಹದಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ನೋಡಿ, ನಿಜವಾಗಿ ಕೊರತೆಯಿದ್ದರೆ ಆಗ ಕೊಡಬಹುದು. ಸೊಸೆಗೆ ಬಸಿರಿನ ಕಬ್ಬಿಣದ ಮಾತ್ರೆ ಕೊಡುತ್ತಿದ್ದರೆ ಅದನ್ನು ನಿಲ್ಲಿಸಬೇಡಿ, ಅದರ ಲೆಕ್ಕ ಬೇರೆ.

ಈ ಕಪ್ಪು ಹರಳು ವೈದ್ಯಕೀಯಕ್ಕೆ ಮಾಡಿದ ಉಪಕಾರವನ್ನೂ ಹೇಳದಿದ್ದರೆ ಮಾತು ಪೂರ್ತಿಯಾಗದು. 1880ರಲ್ಲಿ ಅಲ್ಜೀರಿಯಾದ ಸೇನಾ ಆಸ್ಪತ್ರೆಯಲ್ಲಿ ಲಾವೆರಾನ್ ಎಂಬ ಫ್ರೆಂಚ್ ವೈದ್ಯ ಈ ಪಿಗ್ಮೆಂಟ್ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಾ ಹೋಗಿಯೇ ಮಲೇರಿಯಾದ ಪರೋಪಜೀವಿಯನ್ನು ಕಂಡುಹಿಡಿದ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಬ್ರಿಟಿಷ್ ಸೇನಾ ವೈದ್ಯ ರೊನಾಲ್ಡ್ ರಾಸ್ ರೋಗಿಯ ರಕ್ತ ಕುಡಿದ ಸೊಳ್ಳೆಯನ್ನು ಸೀಳಿ ನೋಡಿದಾಗ ಅದರ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಸೊಳ್ಳೆಯ ಸ್ವಂತ ಕೋಶಗಳಲ್ಲಿ ಇರಲಾರದ ಆ ಪರಿಚಿತ ಕಪ್ಪು ಕಣಗಳು ಒಳಗಿದ್ದುದರಿಂದಲೇ ಅವು ಮಲೇರಿಯಾದವು ಎಂದು ಆತ ಗುರುತಿಸಿದ. ಸೊಳ್ಳೆಯಿಂದ ಮಲೇರಿಯಾ ಎಂಬುದು ಹೀಗೆ ತಿಳಿಯಿತು. ಅದಕ್ಕೂ ಬಹಳ ಮೊದಲು, 1883ರಲ್ಲಿ, ಬೆಂಗಳೂರಿನ ತನ್ನ ಬಂಗಲೆಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬರಿದು ಮಾಡಿಸಿ ಸೊಳ್ಳೆಕಾಟ ಕಡಿಮೆಯಾದುದನ್ನು ಆತ ಗಮನಿಸಿದ್ದ.

ಇವತ್ತಿನ ಯಂತ್ರಗಳಿಗೂ ಹರಳೇ ದಾರಿ ತೋರಿಸುತ್ತಿದೆ. ರಕ್ತಕಣ ಎಣಿಸುವ ಕೆಲವು ಯಂತ್ರಗಳು ಲೇಸರ್ ಬೆಳಕು ಹಾಯಿಸುತ್ತವೆ. ಹರಳು ಹೊತ್ತ ಬಿಳಿಕಣ ಆ ಬೆಳಕನ್ನು ಬೇರೆ ರೀತಿ ತಿರುಗಿಸುವುದರಿಂದ, ಮಲೇರಿಯಾ ಎಂದು ಯಾರೂ ಅನುಮಾನಿಸದ ರೋಗಿಯ ವರದಿಯಲ್ಲಿಯೂ ವಿಚಿತ್ರ ಚುಕ್ಕೆಗಳು ಮೂಡಿ ನಮ್ಮನ್ನು ಸ್ಲೈಡ್ ನೋಡುವಂತೆ ಮಾಡುತ್ತವೆ. ಹರಳಿನ ಕಬ್ಬಿಣ ಅಯಸ್ಕಾಂತಕ್ಕೆ ಸ್ಪಂದಿಸುವುದನ್ನು ಬಳಸಿ ಒಂದು ಹನಿ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಮಲೇರಿಯಾ ಹುಡುಕುವ ಚಿಕ್ಕ ಉಪಕರಣಗಳು ಬಂದಿವೆ. ಸೂಜಿ ಚುಚ್ಚದೆ, ಚರ್ಮದ ಮೇಲಿನಿಂದಲೇ ಲೇಸರ್ ಬಿಟ್ಟು ಹರಳಿನಿಂದ ಬರುವ ಶಬ್ದದ ಅಲೆ ಹಿಡಿಯುವ ಪ್ರಯೋಗ ಕ್ಯಾಮರೂನ್‌ನಲ್ಲಿ ನಡೆದಿದೆ. ಆದರೂ ಹರಳು ಕಟ್ಟದ ಎಳೆಯ ಪರೋಪಜೀವಿಗಳನ್ನು ಹಿಡಿಯುವುದರಲ್ಲಿ ಇವೆಲ್ಲ ಎಡವುತ್ತವೆ. ಜ್ವರದ ರೋಗಿಗೆ ದಪ್ಪ ಮತ್ತು ತೆಳು ಸ್ಲೈಡ್ ಎರಡನ್ನೂ ತಾಳ್ಮೆಯಿಂದ ನೋಡುವ ಕಣ್ಣನ್ನು ನಾನಿನ್ನೂ ಹೆಚ್ಚು ನಂಬುತ್ತೇನೆ.

ಮಗ ಕೆಲಸ ಮಾಡುವ ಜಾಗದ ಬಗ್ಗೆಯೂ ಒಂದು ಮಾತು. ನಮ್ಮ ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಚರಂಡಿಯ ಕೊಳಕು ನೀರು ಬೇಡ, ಮುಚ್ಚಳವಿಲ್ಲದ ಟ್ಯಾಂಕು, ಬಾವಿ, ಲಿಫ್ಟ್ ಗುಂಡಿ, ಸ್ಲ್ಯಾಬ್ ಮೇಲೆ ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲೆಂದು, ಸಿಮೆಂಟ್ ಕಟ್ಟೆ ಕಟ್ಟಿ ನಿಲ್ಲಿಸಿದ ತಿಳಿ ನೀರು ಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರಕ್ಕಿಂತ ಹೆಚ್ಚು ಬೇಕಾಗುವುದರಿಂದ, ವಾರಕ್ಕೊಂದು ದಿನ ಆ ನೀರನ್ನು ಪೂರ್ತಿ ಹರಿಯಬಿಟ್ಟು ಸ್ಲ್ಯಾಬ್ ಒಣಗಿಸಿ ಮತ್ತೆ ತುಂಬಿಸಿದರೆ ಮರಿಗಳು ಸಾಯುತ್ತವೆ. ಸೈಟ್ ಎಂಜಿನಿಯರ್ ಆಗಿರುವ ನಿಮ್ಮ ಮಗ ಬೆಳಗಿನ ಕೆಲಸ ಹಂಚುವಾಗ ಇದನ್ನು ಹೇಳಿಸಬಲ್ಲ. ಅಲ್ಲಿಯೇ ತಗಡಿನ ಶೆಡ್ಡಿನಲ್ಲಿ ಮಲಗುವ ಕಾರ್ಮಿಕರಲ್ಲಿ ಯಾರಿಗೆ ಜ್ವರ ಇದೆ ಎಂದೂ ಕೇಳಿ ಪರೀಕ್ಷೆಗೆ ಕಳಿಸಲಿ. ಅವರಿಗೂ 14 ದಿನದ ಮಾತ್ರೆ ಮುಗಿಯಬೇಕು, ಊರಿಗೆ ಹೊರಟರೆ ಉಳಿದ ಮಾತ್ರೆ ಚೀಲದಲ್ಲಿ ಹೋಗಬೇಕು. ಮನೆಯಲ್ಲಿ ಮಗ, ಸೊಸೆ ಇಬ್ಬರೂ ಸೊಳ್ಳೆಪರದೆಯೊಳಗೆ ಮಲಗಲಿ.

ನಾಳೆ ವೈದ್ಯರ ಬಳಿ ಹೋಗುವಾಗ ಎರಡೂ ವರದಿ, ಉಳಿದ ಮಾತ್ರೆಯ ಸ್ಟ್ರಿಪ್, ಯಾವ ದಿನ ಎಷ್ಟು ನುಂಗಿದ ಎಂಬ ಲೆಕ್ಕ ತೆಗೆದುಕೊಂಡು ಹೋಗಿ. ಜಿ6ಪಿಡಿ ವರದಿ ಬಂದ ಮೇಲೆ ಅದರ ಒಂದು ಪ್ರತಿಯನ್ನು ಮಗ ಪರ್ಸಿನಲ್ಲಿಯೂ ಇಟ್ಟುಕೊಳ್ಳಲಿ, ಮೊಬೈಲಿನಲ್ಲಿಯೂ ಚಿತ್ರ ತೆಗೆದಿಡಲಿ. ಆ ಕಿಣ್ವದ ಮಟ್ಟ ಹುಟ್ಟಿನಿಂದ ಬಂದದ್ದು. ಇನ್ನು ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ ಬೇರೆ ವೈದ್ಯರು ಔಷಧಿ ಬರೆಯುವ ಮೊದಲು ಕೇಳುವ ಪ್ರಶ್ನೆಗೆ ಅದೇ ಉತ್ತರ.